ಗಸಿ

ಜುಂಬೆರನ ಕಸುಬು ಗುಡಾಣದೊಳಕ್ಕೆ ಇಳಿಯುವುದು.
ಕತ್ತಿನವರೆಗೂ ನೆಲದಲ್ಲಿ ಹೂತ ಮಣ್ಣಿನ ಗುಡಾಣ;
ಹೊಟ್ಟೆ ಎತ್ತು ಹಿಡಿಸುವಷ್ಟು, ಬಾಯಿ ಮಾತ್ರ
ಒಂದಾಳಿನ ಭುಜದಷ್ಟು.
ಮೊದಲು ಮೋಂಬತ್ತಿ ಇಳಿಬಿಡುತ್ತಾನೆ.
ಅದು ಆರದಿದ್ದರೆ ತಾನು.
ಚೆರ್ರಿ ತೊಗಟೆಯ ಕಟ್ಟು ಹಿಡಿದು
ಹೋದ ವರ್ಷದ ದ್ರಾಕ್ಷಾರಸದ ಗಸಿ
ಕೆರೆದು, ಕೆರೆದು, ಸುಣ್ಣ ಸವರಿ
ಮೇಲೆ ಬರುವಾಗ ಮೊಣಕಾಲು ಲಟಕ್ಕೆನ್ನುತ್ತದೆ.

ಇಮೆರೇತಿಯಲ್ಲಿ ಈ ಗುಡಾಣದ ಹೆಸರು ಚುರಿ.
ಓದಲು ಬಂದ ನನ್ನ ಕಿವಿಗೆ ಮಾತ್ರ
ಪ್ರತಿಸಲ ಅದು ಚೂರಿ.

ಕುಟೈಸಿಯ ಆಸ್ಪತ್ರೆಗೆ ಬಂದಾಗ
ಬೆಲ್ಟಿನಲ್ಲಿ ಮೊಳೆ ಹೊಡೆದ ಎರಡು ಹೊಸ ತೂತು.
ಎಡಪಕ್ಕೆಯಲ್ಲಿ ಕಲ್ಲಿಟ್ಟ ಹಾಗೆ, ಅಂದ.
ಗುಲ್ಮದಲ್ಲಿ ಲಿಂಫೋಮ. ಪಕ್ಕದ ಜಠರಕ್ಕೆ
ಒರಗಿ ಕೂತಿತ್ತು, ಬಾಡಿಗೆ ಕೊಡದ ಬಿಡಾರ.
ಕೆಂಪು ಔಷಧ ಎರಡು ಸುತ್ತು ಹನಿಯಿತು.
ಗಡ್ಡೆ ಕರಗಿತು. ಹೆಂಡತಿ ತ್ಸಿಯಾಲಾ
ವಾರ್ಡಿಗೆಲ್ಲ ಚೀಸು ತುಂಬಿದ ರೊಟ್ಟಿ ಹಂಚಿದಳು.

ಹನ್ನೊಂದನೇ ರಾತ್ರಿ ಚಳಿಜ್ವರ.
ಬೆಳಗಿನ ಜಾವ ಬೇಸಿನ್ನಿನ ತುಂಬ ರಕ್ತ.
ಸ್ಕ್ಯಾನಿನಲ್ಲಿ ಗುಲ್ಮದೊಳಗೆ ಗಾಳಿ.
ಗಾಳಿಗೆ ಅಲ್ಲೇನು ಕೆಲಸ?

ಡಾಕ್ಟರ್ ನೆಸ್ತಾನ್ ಔಷಧಿ ಚೀಟಿಯ ಹಿಂದೆ
ಎರಡು ಸೊನ್ನೆ ಬರೆದು ನಡುವೆ ಗೆರೆ ಎಳೆದರು.
ಅವನು ಗೆರೆ ಮುಗಿಯುವ ಮುಂಚೆಯೇ,
"ಗೊತ್ತು ಬಿಡಿ. ಬಿರುಕು ಮೊದಲೇ ಇರುತ್ತೆ.
ಗಸಿಯೇ ಅದನ್ನ ಮುಚ್ಚಿಕೊಂಡಿರುತ್ತೆ.
ಚೆನ್ನಾಗಿ ತೊಳೆದೆಯೋ, ಸೋರಿತು."
ಸ್ವಲ್ಪ ತಡೆದು, "ತೊಳೆದದ್ದು ತಪ್ಪಾ ಹಾಗಾದ್ರೆ?"
ಇಲ್ಲ ಎನ್ನಲು ಅವರಿಗೆ
ಪೆನ್ನಿನ ಮುಚ್ಚಳ ಹಾಕುವಷ್ಟು ಹೊತ್ತು ಬೇಕಾಯಿತು.

ನನ್ನ ಕೆಲಸ ಪಕ್ಕೆಲುಬು ಎತ್ತಿ ಹಿಡಿದು
ಸುಮ್ಮನೆ ನಿಲ್ಲುವುದು. ಮೂರು ಗಂಟೆ, ಇಪ್ಪತ್ತು ನಿಮಿಷ.
ಒಳಗೆ ಯಾವುದೂ ಬೇರೆಬೇರೆ ಇರಲಿಲ್ಲ:
ಜಠರ, ಗುಲ್ಮ, ಮೇದೋಜೀರಕದ ಬಾಲ
ಒಂದೇ ಮುದ್ದೆ, ಸೀದ ಅಂಬಲಿಯ ತಳ.
ಬಿಡಿಸಬೇಡ, ಅಂದರು ನೆಸ್ತಾನ್, ಬಿಡಿಸಿದರೆ ಹರಿಯುತ್ತೆ.
ಮೊದಲು ರಕ್ತನಾಳ ಕಟ್ಟಿದರು. ಆಮೇಲೆ
ಜಠರದ ಅಂಚಿಗೆ ಸ್ಟೇಪ್ಲರ್ ಕಚ್ಚಿಸಿದರು, ಮೂರು ಸಲ.
ಇಡೀ ಮುದ್ದೆ ತಟ್ಟೆಗೆ ಬಂತು.
ಎತೆರಿ ಬಟ್ಟೆ ತುಂಡುಗಳನ್ನು ಎಣಿಸಿದಳು,
ಅವರ ಲೆಕ್ಕದಲ್ಲಿ: ಇಪ್ಪತ್ತರ ಮೇಲೆ ಹನ್ನೆರಡು.
ಎಲ್ಲ ಇವೆ.

ತಟ್ಟೆಯಲ್ಲಿ ಕೊಯ್ದು ನೋಡಿದೆವು.
ಎರಡು ಬೆರಳು ತೂರುವ ಕಂಡಿ.
ಅದರಾಚೆ, ಜನ್ಮದಲ್ಲಿ ಅನ್ನದ ಮುಖ ಕಾಣದ
ಗುಲ್ಮದ ಕತ್ತಲಲ್ಲಿ
ಒಂದು ಕೆಂಪು ಕಾಳಿನ ಸಿಪ್ಪೆ.
ತ್ಸಿಯಾಲಾ ಬೇಯಿಸಿದ್ದು.
ಅವಳಿಗೆ ಯಾರೂ ಹೇಳಲಿಲ್ಲ.

ನಾಲ್ಕು ದಿನ ಪಕ್ಕೆಯ ಕೊಳವೆಯನ್ನೇ ನೋಡುತ್ತ ಮಲಗಿದ.
ಬಣ್ಣ ಹೇಗಿದೆ, ಮಡ್ಡಿ ಇದೆಯಾ, ವಾಸನೆ?
ನಾನು ಮೂಸಿ ಹೇಳಬೇಕಿತ್ತು. ಹೇಳಿದೆ.
"ತೇಪೆ ಹಾಕಿದ ಮೇಲೆ ನೀರು ತುಂಬಬೇಕು," ಅಂದ,
"ರಾತ್ರಿಯಿಡೀ ಬಿಡಬೇಕು. ಮಟ್ಟ ಇಳಿಯದಿದ್ದರೆ
ಆಗ ದ್ರಾಕ್ಷಿ."

ಐದನೇ ದಿನ ಎಕ್ಸ್-ರೇ ಮುಂದೆ ನಿಲ್ಲಿಸಿ
ಕಹಿ ದ್ರವದ ಲೋಟ ಕೊಟ್ಟೆವು.
ಒಂದು ಗುಟುಕು. ನುಂಗಲಿಲ್ಲ.
ನಾಲಿಗೆಯ ಮೇಲೆ ಹೊರಳಿಸಿ, ಕಣ್ಣು ಮುಚ್ಚಿ,
"ಕೆಟ್ಟ ವರ್ಷದ ಸರಕು," ಅಂದ. ನುಂಗಿದ.
ಪರದೆಯ ಮೇಲೆ ಬಿಳಿ ಇಳಿಯಿತು, ಸಣ್ಣಗಾದ ಚೀಲದಲ್ಲಿ
ತಿರುಗಿತು, ತಡೆಯಿತು,
ಹೋಗಬೇಕಾದ ಕಡೆಗೇ ಹೋಯಿತು.

ಮೂರು ವಾರಕ್ಕೆ ಮತ್ತೆ ಕೆಂಪು ಔಷಧ, ನಾಲ್ಕು ಸುತ್ತು ಬಾಕಿ.
ಮತ್ತೆ ಕೆರೆಯುವುದು.
ಚೀಟಿಯ ಮೇಲೆ ನೆಸ್ತಾನ್ ತಾರೀಕು ಬರೆಯುವಾಗ
ಜುಂಬೆರ್ ಬಲಗೈ ಬೆರಳು ಮಡಚಿ
ತನ್ನ ಹೊಟ್ಟೆಯನ್ನೇ ಮೆಲ್ಲಗೆ ತಟ್ಟಿ
ತಲೆ ವಾಲಿಸಿ
ಕೇಳುತ್ತಿದ್ದ.